ಊರಿಂದ ಬಂದ ದಿನದ ಮೊದಲ ಸ್ನಾನ

ನೀರಿನ ವಿಷಯದಲ್ಲಿ ನನಗೆ ಸೊಕ್ಕಿತ್ತು. ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ನೀರು ಬರುವುದು ಬೆಳಿಗ್ಗೆ ಒಂದು ತಾಸು. ಅಷ್ಟರಲ್ಲೇ ಇಡೀ ದಿನ ಸುಧಾರಿಸುವವಳು ನಾನು, ಅಕ್ಕಿ ತೊಳೆದ ನೀರನ್ನೂ ಚೆಲ್ಲದವಳು. ಹಾಗಾಗಿ ಮೇಲಿನ ಮಹಡಿಯ ನರ್ಸ್ ಹೇಳಿದ ಮಾತು ಕೇಳಿ ನನಗೆ ನಗು ಬಂತು. ನಾವು ಮೇ ತಿಂಗಳಿಗೆ ಮನೆಗೆ ಬೀಗ ಹಾಕಿ, ಅತ್ತೆಯನ್ನೂ ಕರೆದುಕೊಂಡು ಉಡುಪಿಗೆ ಹೊರಟಿದ್ದೆವು. ವಾಪಸು ಬಂದ ಮೇಲೆ ಗೀಸರನ್ನು ಪೂರ್ತಿ ಬಿಸಿಗಿಟ್ಟು, ಕಿಟಕಿ ತೆರೆದು, ಎಲ್ಲ ನಲ್ಲಿಗಳನ್ನೂ ಸ್ವಲ್ಪ ಹೊತ್ತು ಹರಿಯಬಿಡಿ ಎಂದರು ಆಕೆ. ನಿಂತ ನೀರಿನಲ್ಲಿ ಕ್ರಿಮಿ ಬೆಳೆಯುತ್ತದಂತೆ, ಶವರಿನ ತುಂತುರಿನ ಜೊತೆ ಎದೆಗೆ ಇಳಿಯುತ್ತದಂತೆ, ವಯಸ್ಸಾದವರು ತಡೆದುಕೊಳ್ಳುವುದಿಲ್ಲವಂತೆ. ಬಾಲ್ದಿಗಟ್ಟಲೆ ನೀರು ಮೋರಿಗೆ ಬಿಡಲು ನನಗೇನು ತಲೆ ಕೆಟ್ಟಿದೆಯೇ ಎಂದು ಗಂಡನ ಹತ್ತಿರ ಆಡಿಕೊಂಡೆ.

ತಿಂಗಳು ಕಳೆದು ಬಂದೆವು. ಪ್ರಯಾಣದಿಂದ ಬಂದಾಗ ಮೊದಲ ಸ್ನಾನ ಹಿರಿಯರದ್ದು, ಅದು ನಮ್ಮ ಮನೆಯ ಕ್ರಮ. ಅತ್ತೆಗೆ ಬಿಸಿ ಜಾಸ್ತಿ ಆಗುವುದಿಲ್ಲವೆಂದು ಗೀಸರನ್ನು ಐದೇ ನಿಮಿಷ ಹಾಕಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಯಲ್ಲಿ ಶವರ್ ಹಿಡಿದು ಮೀಯಿಸಿದೆ. ಮೊದಲು ಬಂದ ನೀರಿಗೆ ಮುಗ್ಗಲು ವಾಸನೆಯಿತ್ತು. ಅದು ನನ್ನ ಮೂಗಿಗೆ ಬಡಿದಿತ್ತು. ಆದರೂ ನಾನು ಒಂದು ಚೊಂಬು ನೀರನ್ನೂ ಚೆಲ್ಲಲಿಲ್ಲ.

ಐದನೆಯ ದಿನ ಅತ್ತೆಗೆ ಚಳಿಜ್ವರ ಬಂತು, ಮರುದಿನ ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಮಂಗಳೂರು ಕಡೆಯ ಹುಡುಗಿ, ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡವನ್ನು ತಡವರಿಸಿ ಆಡುತ್ತಿದ್ದಳು. ಮನೆ ಬಂದ್ ಇತ್ತೇ, ಸ್ನಾನದ ನೀರು ಹಳೆಯದೇ ಎಂದು ಕೇಳಿದಳು. ಸುತ್ತ ನಾದಿನಿಯರಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಖದ ಮೇಲಿನ ಮಾಸ್ಕನ್ನು ಸರಿಸಿದರು.

"ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ ಮಗಾ. ನನ್ನ ಸೊಸೆ ಮನೆಯನ್ನು ಕನ್ನಡಿ ಹಾಗೆ ಇಡ್ತಾಳೆ."

ಡಾಕ್ಟರು ನನ್ನತ್ತ ನೋಡಿದಳು. ಅತ್ತೆ ಹೇಳಿದ್ದೇ ಹೌದು ಎಂದು ತಲೆಯಾಡಿಸಿದೆ. ಉಸಿರಿಗೆ ಒದ್ದಾಡುತ್ತಿರುವ ಜೀವದ ಎದುರು ನನಗೆ ನಾದಿನಿಯರ ಮುಂದಿನ ಮಾನ ದೊಡ್ಡದಾಯಿತು. ಇದನ್ನು ಬರೆಯುವಾಗಲೂ ಮುಖ ಸುಡುತ್ತದೆ.

ಮರುದಿನ ಜ್ವರ ಇಳಿಯಲಿಲ್ಲ, ಅತ್ತೆ ಏನೇನೋ ಬಡಬಡಿಸತೊಡಗಿದರು. ಆಗ ಡಾಕ್ಟರನ್ನು ಕಾರಿಡಾರಿನಲ್ಲಿ ತಡೆದು ಎಲ್ಲ ಹೇಳಿದೆ: ಬೀಗ ಹಾಕಿದ ಮನೆ, ಶವರು, ವಾಸನೆ, ನರ್ಸ್ ಹೇಳಿದ್ದ ಮಾತು. ಬೈದರೆ ಹಗುರಾಗುತ್ತಿತ್ತೇನೋ. ಅವಳು ಬೈಯಲಿಲ್ಲ, ಪೇಪರಿನಲ್ಲಿ ಬೇರೆ ಔಷಧಿ, ಬೇರೆ ಟೆಸ್ಟ್ ಬರೆದಳು.

"ಆಂಟಿ, ಇದು ನಿನ್ನೆ ಹೇಳ್ಬೇಕಿತ್ತು," ಎಂದಳು ಅಷ್ಟೇ.

ಅತ್ತೆ ಉಳಿದರು. ಮನೆಗೆ ಬಂದ ದಿನ ಎರಡು ಮಹಡಿ ಹತ್ತಲು ಅರ್ಧ ತಾಸು ಬೇಕಾಯಿತು. ಪ್ರತಿ ತಿರುವಿನಲ್ಲೂ ನನ್ನ ಹೆಗಲು ಹಿಡಿದು ನಿಂತು, ಬಾಗಿಲು ತೆರೆದ ನೆರೆಯವರಿಗೆಲ್ಲ ಒಂದೇ ಮಾತು ಹೇಳಿದರು: ಈ ಹುಡುಗಿ ಇಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ. ಮೇಲಿನಿಂದ ಇಳಿದು ಬರುತ್ತಿದ್ದ ನರ್ಸ್ ಕೂಡ ಅದನ್ನು ಕೇಳಿಸಿಕೊಂಡು ನಿಂತರು. ನನ್ನನ್ನೇ ನೋಡಿದರು. ನಾನು ಅತ್ತೆಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಮುಂದಿನ ಮೆಟ್ಟಿಲನ್ನು ನೋಡಿದೆ.