ಗಾಡಿಯ ಅಡಿಯಿಂದ ನನ್ನನ್ನು ಎಳೆದ ಕೈಗಳು

ದೆವ್ವ ಕಂಡೆ ಎಂದ ಹುಡುಗರನ್ನು ನಾನು ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಎಲ್ಲಿ ನಿಂತು ಕಂಡೆ, ಬೆಳಕು ಎಷ್ಟಿತ್ತು, ಜೊತೆಯಲ್ಲಿ ಯಾರಿದ್ದರು ಎಂದು ಕೇಳುತ್ತ ಹೋದರೆ ಎಂಥ ದೆವ್ವವೂ ಕೊನೆಗೆ ಬಾಳೆ ಎಲೆಯೋ ಒಣಗಲು ಹಾಕಿದ ಪಂಚೆಯೋ ಆಗಿಬಿಡುತ್ತಿತ್ತು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದ ಮೊದಲನೆಯವನು ನಾನು. ಮಠದ ಹಾಸ್ಟೆಲಿನಲ್ಲಿ ಉಂಡು, ಬೇರೆಯವರ ಪುಸ್ತಕ ಎರವಲು ತಂದು ಓದಿ ಬಿ.ಎಸ್ಸಿ. ಮಾಡಿದವನು. ಅಷ್ಟು ಪಾಡುಪಟ್ಟು ಗಳಿಸಿದ ಬುದ್ಧಿಯನ್ನು ಯಾರೋ ಹೇಳಿದ ಕಥೆಗೆ ಒಪ್ಪಿಸಲು ನಾನು ತಯಾರಿರಲಿಲ್ಲ. ಈಗಲೂ ಇಲ್ಲ. ಆದರೆ ಇದು ಯಾರೋ ಹೇಳಿದ್ದಲ್ಲ, ನನ್ನ ಮೈಮೇಲೆ ನಡೆದದ್ದು. ಹೇಗೆ ನಡೆಯಿತೋ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಐವತ್ತರ ದಶಕದ ನಡುವಿನ ಮಾತು. ಆಗಷ್ಟೇ ಪಾಸಾಗಿ ಕೆಲಸಕ್ಕೆ ಅರ್ಜಿ ಹಾಕಿಕೊಂಡು ಹುಣಸೂರಿನಲ್ಲಿ ಅಣ್ಣ ಮಾದಪ್ಪನ ಮನೆಯಲ್ಲಿದ್ದೆ. ನಮ್ಮಪ್ಪ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವನು, ಓದಿಸಿದವನು, ಓದದಿದ್ದರೆ ಹುಣಸೆ ಬರಲಿನಿಂದ ಬಾರಿಸಿದವನು ಅವನೇ. ಅವನ ಹತ್ತಿರ ಒಂದು ಗಾಡಿಯಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ್ದು. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ತೆರೆದ ತೊಟ್ಟಿ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತ. ಹೆಗ್ಗಡದೇವನಕೋಟೆ ಕಡೆಯ ಕಾಡಿನಲ್ಲಿ ಬೇರೆ ಲಾರಿಗಳು ಕೆಸರಿಗೆ ಸಿಕ್ಕಿ ಅಳುತ್ತಿದ್ದಾಗ ಇದು ದಿಮ್ಮಿಗೆ ಸರಪಳಿ ಬಿಗಿಸಿಕೊಂಡು ಗುಡುಗುತ್ತ ದಿಬ್ಬ ಹತ್ತುತ್ತಿತ್ತು.

ಗಾಡಿ ಅಣ್ಣನೊಬ್ಬನದೇ ಆಗಿರಲಿಲ್ಲ. ಮಿರ್ಲೆಯ ಚಿಕ್ಕಬಸಪ್ಪ ಎಂಬುವನು ಸಮಪಾಲಿಗೆ ಸೇರಿದ್ದ. ಇವರಿಬ್ಬರೂ ಒಪ್ಪಂದವನ್ನು ಕಾಗದದಲ್ಲಿ ಬರೆಯಲಿಲ್ಲ. ನಮ್ಮಲ್ಲಿ ಒಂಟಿ ಎತ್ತಿನವರಿಬ್ಬರು ತಮ್ಮ ಎತ್ತುಗಳನ್ನು ಜೋಡಿ ಕಟ್ಟಿ ಇಬ್ಬರ ಹೊಲವನ್ನೂ ಉಳುವುದುಂಟು. ಎರಡು ಎತ್ತೂ ನಿಂತಿರುವವರೆಗೆ ಕೂಟ. ಒಂದರ ಬೆನ್ನು ಮುರಿದರೆ ಕೂಟ ಮುರಿಯಿತು, ಉಳಿದದ್ದನ್ನು ಪಾಲು ಹಾಕಿಕೊಂಡು ಅವರವರ ದಾರಿ ಹಿಡಿಯಬೇಕು. ಎತ್ತಿನ ಆ ಕಟ್ಟುಪಾಡನ್ನೇ ಇವರು ಗಾಡಿಗೂ ಇಟ್ಟುಕೊಂಡು ಹಿರಿಯರ ಮುಂದೆ ವೀಳ್ಯ ಬದಲಾಯಿಸಿದ್ದರು. ಕಬ್ಬಿಣಕ್ಕೆ ಯಾವುದು ಬೆನ್ನು, ಎಷ್ಟಾದರೆ ಅದು ಮುರಿದಂತೆ ಎಂದು ಆಗ ಯಾರೂ ಕೇಳಲಿಲ್ಲ.

ಆ ವರ್ಷ ಒಂದು ದೊಡ್ಡ ಮತ್ತಿ ದಿಮ್ಮಿಯನ್ನು ಎಳೆಯುವಾಗ ಗಾಡಿಯ ಚಾಸಿ, ಅಂದರೆ ಇಡೀ ಮೈಯನ್ನು ಹೊತ್ತ ಅಡಿಯ ಕಬ್ಬಿಣದ ಚೌಕಟ್ಟು, ಸೀಳಿತು. ಎಡಗಡೆ, ಹಿಂದಿನ ಸ್ಪ್ರಿಂಗ್ ಪಟ್ಟೆ ಕೂರುವ ಜಾಗದ ಹತ್ತಿರ, ಕೆಳಗಿನಿಂದ ಮೇಲಕ್ಕೆ ಅಂಗೈಯಗಲದ ಬಿರುಕು. ಸುದ್ದಿ ಮಿರ್ಲೆ ಮುಟ್ಟಿದ್ದೇ ತಡ ಚಿಕ್ಕಬಸಪ್ಪ ಬಂದು ನಿಂತ. ಅವನಿಗೆ ಎಂಜಿನ್ ಬೇಕಿತ್ತು. ಅದನ್ನು ಬಿಚ್ಚಿಕೊಂಡು ಹೋಗಿ ಊರಿನಲ್ಲಿ ಅಕ್ಕಿ ಗಿರಣಿ ಹಾಕುವ ಆಸೆ.

“ಬೆನ್ಮೂಳೆ ಮುರ್ದೋಗದೆ ಕಣ್ಲಾ ಮಾದ. ಎಂಜಿನ್ ನಂಗೆ, ಚಕ್ರ ನಿಂಗೆ. ಕೂಟ ಮುಗೀತು.”

“ಮುರ್ದಿಲ್ಲ, ಸೀಳ್ಯದೆ ಅಷ್ಟೇಯ. ನಿನ್ನ ಎಡಗಾಲೂ ಸೊಟ್ಟಗದೆ, ಅಂಗಂತ ನಿನ್ನ ಕಡ್ದು ಪಾಲಾಕದಾ?”

ಸುತ್ತಲಿದ್ದವರು ನಕ್ಕರು. ಚಿಕ್ಕಬಸಪ್ಪ ಕಲ್ಲೆತ್ತಿ ಗಾಡಿಯ ಮುಂದಿನ ಗಾಜಿಗೆ ಹೊಡೆದ. ಅಣ್ಣ ಅವನ ಬಾಯಿಗೆ ಗುದ್ದಿದ. ಚಿಕ್ಕಬಸಪ್ಪ ರಕ್ತದ ಜೊತೆ ಒಂದು ಹಲ್ಲನ್ನೂ ಉಗಿದು, “ಮುರಿಯದೆ ಇದ್ರೆ ನಾನೇ ಮುರೀತೀನಿ ಬುಡು” ಎಂದು ಹೇಳಿ ಹೋದ. ಅಣ್ಣನಿಗೆ ಗಾಡಿ ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಚಿಕ್ಕಬಸಪ್ಪ ಮತ್ತೆ ಬರುವುದರೊಳಗೆ ಬಿರುಕು ಕೂಡಿಸಿ ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ತೋರಿಸಿಬಿಟ್ಟರೆ ಹಿರಿಯರು ಮುರಿದಿದೆ ಎನ್ನುವಂತಿರಲಿಲ್ಲ.

ಹನಗೋಡು ರಸ್ತೆಯಲ್ಲಿ ಕಾಳಾಚಾರಿಯ ಕುಲುಮೆಯಿತ್ತು. ಗಾಡಿಯನ್ನು ಅಲ್ಲಿಗೆ ಎಳೆಸಿಕೊಂಡು ಹೋದೆವು. ಬಿರುಕು ಮುಂದಕ್ಕೆ ಹರಿಯದಂತೆ ಅದರ ತುದಿಗೆ ತೂತು ಕೊರೆದು, ಹೊರಗಡೆಯಿಂದ ದಪ್ಪ ತಗಡು ಕೂರಿಸಿ ರಿವೆಟ್ ಹೊಡೆಯುವುದೆಂದು ಆಯಿತು. ಕೈಗೆ ಜಾಗವಾಗಲೆಂದು ಎಡಗಡೆಯ ಹಿಂದಿನ ಚಕ್ರ ಬಿಚ್ಚಿದರು. ಇದ್ದ ಒಂದು ಜಾಕಿಯಲ್ಲಿ ಗಾಡಿಯನ್ನು ಎತ್ತಿ, ಅಡಿಗೆ ದಿಮ್ಮಿ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಜಾಕಿ ತೆಗೆದರು. ಮರದ ಕೆಲಸದವರಾದ್ದರಿಂದ ಕಲ್ಲು ಹುಡುಕುವ ಯೋಚನೆ ಯಾರಿಗೂ ಬರಲಿಲ್ಲ. ಗಾಡಿಯ ತೊಟ್ಟಿಯಲ್ಲೇ ಬಿದ್ದಿದ್ದ ಹಸಿ ಮತ್ತಿ ತುಂಡುಗಳು ಅವು. ತೊಗಟೆ ಸುಲಿದಿರಲಿಲ್ಲ. ಹಸಿ ತೊಗಟೆಯ ಒಳಮೈ ಎಣ್ಣೆ ಸವರಿದ ಹಾಗೆ ಜಾರುತ್ತದೆ.

ರಿವೆಟ್ ಹೊಡೆಯಲು ಮೂರು ಆಳು ಬೇಕು. ಕಾಳಾಚಾರಿ ತಿದಿ ಒತ್ತಿ ರಿವೆಟನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ತಂದು ಒಳಗಡೆಯಿಂದ ತೂತಿಗೆ ತೂರಿಸುತ್ತಿದ್ದ. ನಾನು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ರಿವೆಟಿನ ತಲೆಗೆ ಒಂದು ಭಾರದ ಕಬ್ಬಿಣದ ಗುಂಡನ್ನು ಒತ್ತಿ ಹಿಡಿಯಬೇಕು. ಹೊರಗೆ ಅಣ್ಣ ಸುತ್ತಿಗೆಯಿಂದ ಅದರ ಬಾಲವನ್ನು ಬಡಿದು ಅಗಲ ಮಾಡುತ್ತಿದ್ದ. ಒಂದೊಂದು ಏಟಿಗೂ ನನ್ನ ಮೊಣಕೈಯವರೆಗೆ ಜುಮ್ಮೆನ್ನುತ್ತಿತ್ತು.

“ಎಂಗದೆ ಡಿಗ್ರಿ ಬುದ್ಧೀ? ಈ ಪಾಠ ಕಾಲೇಜ್ನಲ್ಲಿ ಮಾಡಿರ್ನಿಲ್ವಾ?” ಎಂದು ಕಾಳಾಚಾರಿ ಕೀಟಲೆ ಮಾಡಿದ.

“ಬಾಯ್ಮುಚ್ಚಿ ಬೆಂಕಿ ನೋಡು ಆಚಾರಿ, ರಿವೆಟ್ ಕರ್ಗೋಯ್ತದೆ” ಎಂದು ಅಣ್ಣ ಗದರಿದ.

ಮಧ್ಯಾಹ್ನ ಇಳಿಯುತ್ತಿತ್ತು. ಬಿಸಿಲು ಚೆನ್ನಾಗಿಯೇ ಇತ್ತು. ತಗಡಿನ ಒಂದು ಸಾಲು ಮುಗಿದು ಎರಡನೆಯದು ನಡೆಯುತ್ತಿದ್ದಾಗ ಹೊರಗೆ ಓಡಿಬರುವ ಸದ್ದು ಕೇಳಿಸಿತು. ನನಗೆ ಕಂಡದ್ದು ಅಣ್ಣನನ್ನು ಪಕ್ಕಕ್ಕೆ ನೂಕಿ ಚಕ್ರವಿಲ್ಲದ ಜಾಗದಲ್ಲಿ ಬಂದು ನಿಂತ ಎರಡು ಕಾಲು, ಅದರಲ್ಲಿ ಎಡಗಾಲು ಸೊಟ್ಟಗೆ. ಮರುಕ್ಷಣವೇ ಚಾಸಿಯ ಮೇಲೆ ದೊಡ್ಡ ಸುತ್ತಿಗೆ ಬಿತ್ತು. ಚಿಕ್ಕಬಸಪ್ಪ ಹೇಳಿದಂತೆಯೇ ಅದನ್ನು ಮುರಿಯಲು ಬಂದಿದ್ದ. ನಾನು ಅಡಿಯಲ್ಲಿರುವುದು ಅವನಿಗೆ ತಿಳಿದಿರಲಿಲ್ಲ. ನನ್ನ ಮುಖದ ಮೇಲೇ ಗಂಟೆ ಹೊಡೆದ ಹಾಗಾಯಿತು. ತುಕ್ಕು ಉದುರಿ ಎರಡು ಕಣ್ಣಿಗೂ ತುಂಬಿತು. ಕೂರಿಸುತ್ತಿದ್ದ ಕೆಂಡದಂಥ ರಿವೆಟ್ ಹಾರಿ ನನ್ನ ಎದೆಯ ಮೇಲೆ ಬಿತ್ತು. ಮೈ ಸುಟ್ಟ ವಾಸನೆ ನನ್ನ ಮೂಗಿಗೇ ಬಂತು. ನಾನು ಅರಚಿದ್ದು ಎರಡನೆಯ ಏಟಿನ ಸದ್ದಿನಲ್ಲಿ ಮುಳುಗಿತು.

ಮೂರನೆಯ ಏಟು ಬೀಳಲಿಲ್ಲ. ಅಣ್ಣ ಅವನ ಮೇಲೆ ಬಿದ್ದಿರಬೇಕು. ಇಬ್ಬರೂ ಗುದ್ದಾಡಿಕೊಂಡು ಗಾಡಿಗೆ ಬಂದು ಬಡಿದು, ಉರುಳುತ್ತ ರಸ್ತೆಯ ಕಡೆಗೆ ಹೋದರು. “ಕೊಲ್ತಾವ್ನೆ ಬನ್ರಪ್ಪೋ” ಎಂದು ಕಾಳಾಚಾರಿ ಊರಿನ ಕಡೆಗೆ ಓಡುತ್ತ ಕೂಗುವುದು ದೂರವಾಗುತ್ತಿತ್ತು. ನನ್ನ ತಲೆಯ ಪಕ್ಕದಲ್ಲಿ ಚರ್ರನೆ ಸದ್ದಾಯಿತು. ಹಸಿ ತೊಗಟೆ ಸುಲಿಯುವ ಸದ್ದು, ಅದು ನನಗೆ ಚಿಕ್ಕಂದಿನಿಂದ ಗೊತ್ತು. ದಿಮ್ಮಿ ಜಾರುತ್ತಿದೆ ಎಂದು ತಿಳಿಯಿತು. ಕಣ್ಣು ಕಾಣದು. ಎದೆಯ ಮೇಲೆ ಬಿದ್ದಿದ್ದ ಕಬ್ಬಿಣದ ಗುಂಡನ್ನು ಸರಿಸಲು ಕೈಯಲ್ಲಿ ಬಲವಿಲ್ಲ. ಸಾಯುವುದು ಹೀಗೆ ಎಂದುಕೊಂಡೆ.

ಆಗ ಎರಡು ಕೈಗಳು ನನ್ನ ಎರಡೂ ಕಣಕಾಲುಗಳನ್ನು ಹಿಡಿದು ಎಳೆದವು. ದಯೆದಾಕ್ಷಿಣ್ಯವಿಲ್ಲದ ಎಳೆತ. ಆ ಹಿಡಿತ ನನಗೆ ಚೆನ್ನಾಗಿ ಗೊತ್ತಿತ್ತು. ಸ್ಕೂಲಿಗೆ ಹೋಗಲಾರೆನೆಂದು ನಾನು ಕಂಬಳಿ ಹೊದ್ದು ಮಲಗಿದಾಗಲೆಲ್ಲ ಅಣ್ಣ ಹೀಗೆಯೇ ಹೆಬ್ಬೆರಳನ್ನು ಕಾಲಿನ ಗಂಟಿಗೆ ಅದುಮಿ, ತಲೆ ಹೊಸಿಲಿಗೆ ಬಡಿದರೂ ಬಿಡದೆ ಅಂಗಳಕ್ಕೆ ಎಳೆದು ಹಾಕುತ್ತಿದ್ದ. ನನ್ನ ತಲೆ ಬಯಲಿಗೆ ಬಂದದ್ದಕ್ಕೂ ಗಾಡಿ ನೆಲಕ್ಕೆ ಕುಸಿದದ್ದಕ್ಕೂ ನಡುವೆ ಉಸಿರೆಳೆಯುವಷ್ಟೂ ಹೊತ್ತಿರಲಿಲ್ಲ. ಮಣ್ಣು ಎದ್ದು ಮುಖಕ್ಕೆ ರಾಚಿತು.

“ಅಣ್ಣಾ” ಎಂದೆ. ಅಂಗಿಯಿಂದ ಕಣ್ಣೊರೆಸಿಕೊಂಡು ನೋಡಿದರೆ ಕಾಲಿನ ಹತ್ತಿರ ಯಾರೂ ಇರಲಿಲ್ಲ.

ಅಣ್ಣ ಅಷ್ಟು ದೂರದಲ್ಲಿ, ರಸ್ತೆ ಬದಿಯ ಹಳ್ಳದಲ್ಲಿ ಬಿದ್ದಿದ್ದ. ಚಿಕ್ಕಬಸಪ್ಪ ಅವನ ಎದೆಯ ಮೇಲೆ ಕೂತು ಎರಡೂ ಕೈಯಿಂದ ಕತ್ತು ಹಿಸುಕುತ್ತಿದ್ದ. ಅಣ್ಣನ ಮುಖ ಕಪ್ಪಿಟ್ಟಿತ್ತು, ಕಾಲು ಅದುರುತ್ತಿತ್ತು. ಆದರೆ ಚಿಕ್ಕಬಸಪ್ಪ ಅವನನ್ನು ನೋಡುತ್ತಿರಲಿಲ್ಲ. ಬಾಯಿ ತೆರೆದುಕೊಂಡು ನನ್ನ ಕಡೆಗೆ, ನನ್ನ ಕಾಲಿನ ಕಡೆಗೆ ನೋಡುತ್ತಿದ್ದ. ಆಮೇಲೆ ನಿಧಾನವಾಗಿ ತಲೆ ಬಗ್ಗಿಸಿ ತನ್ನ ಕೈಯೊಳಗಿದ್ದ ಮುಖವನ್ನು ನೋಡಿದ. ಬೆಂಕಿ ಮುಟ್ಟಿದವನಂತೆ ಕಿರುಚಿ, ಕತ್ತು ಬಿಟ್ಟು, ತೆವಳಿಕೊಂಡು ಹಿಂದಕ್ಕೆ ಸರಿದು, ಎದ್ದು ಓಡಿದ. ಆ ಸೊಟ್ಟ ಕಾಲಿನಲ್ಲಿ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲನೆಂದು ನಾನು ತಿಳಿದಿರಲಿಲ್ಲ.

ಅಣ್ಣ ಬದುಕಿದ. ಎಷ್ಟೋ ದಿನ ಮಾತಾಡಲು ಗಂಟಲು ಏಳಲಿಲ್ಲ. ನಾನು ಓದಿದವನಲ್ಲವೇ, ಕುಳಿತು ಯೋಚಿಸಿದೆ. ಗಾಬರಿಯಲ್ಲಿ ನಾನೇ ತೆವಳಿ ಬಂದಿರಬಹುದು ಎಂದುಕೊಂಡೆ. ಆದರೆ ಅಂಗಿ ಕಂಕುಳವರೆಗೆ ಸುರುಟಿತ್ತು. ಬೆನ್ನಿನ ಚರ್ಮ ಸೊಂಟದಿಂದ ಭುಜದ ಕಡೆಗೆ ಉದ್ದುದ್ದ ಗೀರಿಹೋಗಿತ್ತು. ಕೈಯೂರಿ ತೆವಳಿದವನ ಅಂಗೈ ಕೆತ್ತಿರಬೇಕು, ನನ್ನ ಅಂಗೈಯಲ್ಲಿ ಒಂದು ಗೀಚೂ ಇರಲಿಲ್ಲ. ಕಣಕಾಲುಗಳು ನೀಲಿಗಟ್ಟಿ ಊದಿದ್ದವು. ದಾರಿಹೋಕರು ಯಾರಾದರೂ ಎಳೆದಿರಬಹುದೆಂದು ವಿಚಾರಿಸಿದೆ. ಜನ ಬಂದದ್ದು ಕಾಳಾಚಾರಿ ಕರೆತಂದ ಮೇಲೆಯೇ, ಅದು ಎಲ್ಲ ಮುಗಿದ ನಂತರ.

ಗಂಟಲು ಬಂದ ಮೇಲೆ ಅಣ್ಣನನ್ನು ಕೇಳಿದೆ. “ಕಣ್ ಕತ್ಲೆ ಬಂದೋಗಿತ್ತು, ನಂಗೇನ್ ಗೊತ್ಲಾ? ಬದ್ಕಿದ್ದೀಯಲ್ಲ, ಸಾಕು ಬುಡು” ಎಂದ. ಮತ್ತೆ ಕೇಳಿದ್ದಕ್ಕೆ ರೇಗಿ ತಟ್ಟೆ ಎಸೆದ. ಚಾಸಿಗೆ ಉಳಿದ ರಿವೆಟ್‌ಗಳನ್ನು ಹೊಡೆಸಿ, ಮತ್ತೂ ಕೆಲವು ವರ್ಷ ಕಾಡಿಗೆ ಓಡಿಸಿದ. ಚಿಕ್ಕಬಸಪ್ಪ ಪಾಲು ಕೇಳಲು ಬರಲಿಲ್ಲ. ಹುಣಸೂರಿಗೇ ಕಾಲಿಡಲಿಲ್ಲ.

ನನಗೆ ಮೇಷ್ಟರ ಕೆಲಸ ಸಿಕ್ಕಿ ಕೃಷ್ಣರಾಜನಗರಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ರೈಲ್ವೆ ಸ್ಟೇಷನ್ನಿನ ಕಟ್ಟೆಯ ಮೇಲೆ ಚಿಕ್ಕಬಸಪ್ಪನನ್ನು ಕಂಡೆ. ಸೊರಗಿದ್ದ. ನನ್ನನ್ನು ಗುರುತು ಹಿಡಿದು ಎದ್ದು ನಿಂತ. ನನ್ನ ಮುಷ್ಟಿ ಬಿಗಿಯಾಯಿತು, ಬಾರಿಸಿಬಿಡುವವನೇ ಇದ್ದೆ. ಅವನು ಕೈ ಮುಗಿದ.

“ಮೇಷ್ಟ್ರೇ, ಒಡೀರಿ ಬೇಕಾರೆ, ಕೇಳಾದ್ಮೇಲೆ ಒಡೀರಿ. ಅವತ್ತು ನಿಮ್ಮಣ್ಣ ಓಡೋಗಿ ನಿಮ್ಮ ಕಾಲಿಡ್ದು ಎಳುದ್ರು. ನಾನು ಕಣ್ಣಾರೆ ನೋಡ್ದೆ. ಅದೇ ಅಂಗಿ, ಅದೇ ಮೊಕ. ತಪ್ಪುಸ್ಕೊಂಡೋದ ಅಂತ ನಾನು ಎದ್ದೋಗವ್ನೇ ಇದ್ದೆ, ಆದ್ರೆ ಕೈನಾಗೆ ಇನ್ನೂ ಕತ್ತು ಬಿಸಿಯಾಗಿತ್ತು.”

ಅಂದು ಆ ಹಳ್ಳದಿಂದ ಗಾಡಿಯ ಕಡೆಗೆ ನೋಡಿದವನು ಅವನೊಬ್ಬನೇ. ಅವನ ಮಾತನ್ನು ನಂಬಬೇಕಾದರೆ ನನ್ನ ಅಣ್ಣನನ್ನು ಕೊಲ್ಲಲು ಕೂತಿದ್ದವನ ಮಾತನ್ನು ನಂಬಬೇಕು. ನಂಬದಿದ್ದರೆ ನನ್ನನ್ನು ಎಳೆದವರು ಯಾರೆಂದು ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಅಷ್ಟರಲ್ಲಿ ರೈಲು ಬಂತು. ಅವನು ಹತ್ತಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಇಷ್ಟು ವರ್ಷ ಯಾರನ್ನೂ ಕೇಳಲಾಗದೆ ಇಟ್ಟುಕೊಂಡಿದ್ದುದನ್ನು ಕೇಳಿದ.

“ನೀವು ಓದ್ದೋರು, ಯೋಳಿ. ಅಲ್ಲಿ ಎಳೀತಿದ್ದದ್ದು ಮಾದಪ್ಪ ಆದ್ರೆ, ನಾನು ಇಸುಕ್ತಿದ್ದದ್ದು ಯಾರ್ ಕತ್ತ?”