ಅವ್ವನ ಅವ್ವನ ತವರಿನ ಹೆಸರು

ನನ್ನ ಅವ್ವನಿಗೆ ಈಗ ಎಂಬತ್ತೇಳು. ಅವಳನ್ನು ಹೆತ್ತವಳು ಹತ್ತನೆಯ ದಿನವೇ ಬಾಣಂತನದಲ್ಲಿ ತೀರಿಕೊಂಡಳು. ಹೋದ ದೀಪಾವಳಿಗೆ ಅವ್ವ ಇದ್ದಕ್ಕಿದ್ದಂತೆ, ಹೆತ್ತವಳನ್ನು ತವರಿನಲ್ಲಿ ಏನೆಂದು ಕರೆಯುತ್ತಿದ್ದರೋ ತಿಳಿಯದೆ ಸಾಯಲು ಮನಸ್ಸಿಲ್ಲ ಎಂದಳು. ಮೂವತ್ತು ವರ್ಷ ಸಾಂಗಲಿಯ ಶಾಲೆಯಲ್ಲಿ ಗಣಿತ ಕಲಿಸಿದವಳು ನಾನು. ಒಂದು ಹೆಸರು ಹುಡುಕುವುದೇನು ಮಹಾ ಎಂದುಕೊಂಡೆ.

ನಮ್ಮಲ್ಲಿ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಕೈಯಿಂದ ಹೆಂಡತಿಯ ಹೊಸ ಹೆಸರನ್ನು ಉಂಗುರದಲ್ಲಿ ಬರೆಸುತ್ತಾರೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು. ವರ್ಷದೊಳಗೆ ಅಜ್ಜ ಎರಡನೆಯ ಮದುವೆಯಾದಾಗ, ಮನೆಯ ಹಿರಿಯರು ಹೊಸಬಳಿಗೂ ಸತ್ತವಳ ಹೆಸರನ್ನೇ ಇಟ್ಟರು. ಹೋದವಳಿಗೆ ಸಿಟ್ಟು ಬರಬಾರದೆಂದು ಹಾಗೆ ಮಾಡುತ್ತಿದ್ದರಂತೆ. ಹೀಗಾಗಿ ಅವ್ವನಿಗೆ ತಾಯಂದಿರು ಇಬ್ಬರು, ಹೆಸರು ಒಂದೇ. ಸಾಕಿದವಳು ಮಲತಾಯಿತನವನ್ನು ಒಂದು ದಿನವೂ ತೋರಿಸಿದವಳಲ್ಲ. ಅವಳು ನೊಂದುಕೊಂಡಾಳೆಂದು ಅವ್ವ ಹೆತ್ತವಳ ಸುದ್ದಿಯನ್ನೇ ಮನೆಯಲ್ಲಿ ಎತ್ತುತ್ತಿರಲಿಲ್ಲ.

ಮಿರಜದ ಭೂದಾಖಲೆ ಕಚೇರಿಗೆ ಮೂರು ಸಲ ಅಲೆದೆ. ಹೊಲದ ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದನ್ನು ಬರೆದಿಡುವ ಫೇರಫಾರ ಪುಸ್ತಕದಲ್ಲಿ, ಅಜ್ಜ ತೀರಿದ ಮೇಲಿನ ನೋಂದಣಿ ಕೊನೆಗೂ ಸಿಕ್ಕಿತು. ವಾರಸುದಾರರ ಸಾಲಿನಲ್ಲಿ ಅಜ್ಜಿಯ ಹೆಸರು ಸ್ಪಷ್ಟವಾಗಿತ್ತು. ನಕಲು ಹಿಡಿದು ಶೇರ್ ಆಟೋದಲ್ಲಿ ವಿಶ್ರಾಮಬಾಗದ ಮನೆಗೆ ಬಂದು, ನಿನ್ನ ತಾಯಿ ಸಿಕ್ಕಳು, ಇನ್ನು ಇದೇ ದಾರಿ ಹಿಡಿದರೆ ತವರಿನ ಹೆಸರೂ ಸಿಗುತ್ತದೆ ಎಂದು ಅವ್ವನ ಮುಂದೆ ಕೊಚ್ಚಿಕೊಂಡೆ. ಅವ್ವ ಕಾಗದ ನೋಡಲೂ ಇಲ್ಲ.

"ಸತ್ತಾಕಿ ಹೆಸರಿಗೆ ಹೊಲಾ ಯಾರ ಬರಕೊಡ್ತಾರವಾ? ಇದು ನನ್ನ ಸಾಕಿದಾಕಿದು," ಎಂದಳು.

ಅಜ್ಜ ಸಾಯುವ ಹೊತ್ತಿಗೆ ಹೆತ್ತವಳು ಹೋಗಿ ಮೂವತ್ತು ವರ್ಷ ಕಳೆದಿತ್ತು. ಇಷ್ಟು ಸಣ್ಣ ಲೆಕ್ಕ ಗಣಿತದ ಟೀಚರಿಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಆ ದಿನ ಊಟದ ಹೊತ್ತಿನವರೆಗೂ ಅವ್ವ ನನ್ನ ಮುಖ ನೋಡಿ ನಗುತ್ತಲೇ ಇದ್ದಳು.

ಹೆತ್ತವಳ ತವರು ಬೇಡಗ ಎಂಬುದಷ್ಟೇ ಅವ್ವನಿಗೆ ಗೊತ್ತಿತ್ತು. ಮಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂಬ ಸಿಟ್ಟಿಗೆ ಆ ಮನೆಯವರು ಮತ್ತೆ ಅಜ್ಜನ ಹೊಸ್ತಿಲು ತುಳಿದಿರಲಿಲ್ಲ. ನಾನು ಬೇಡಗಕ್ಕೆ ಹೋಗಿ, ಅಜ್ಜನ ಊರಿಗೆ ಹಿಂದೆ ಹೆಣ್ಣು ಕೊಟ್ಟ ಮನೆ ಯಾವುದೆಂದು ಬಸದಿಯ ಕಟ್ಟೆಯ ಮೇಲೆ ಕುಳಿತ ಮುದುಕರನ್ನು ವಿಚಾರಿಸಿದೆ. ಅವರು ಎರಡು ಮನೆ ಹೇಳಿದರು. ಎರಡನೆಯದು ನಮಗೆ ಬೇಕಾದದ್ದು. ಹೆತ್ತವಳ ಅಣ್ಣನ ಮೊಮ್ಮಗ ದ್ರಾಕ್ಷಿ ತೋಟದಿಂದ ಬಂದ. ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಹಳೆಯ ಸಿಟ್ಟಿನ ಸುದ್ದಿಯೇ ಅವನಿಗೆ ಗೊತ್ತಿರಲಿಲ್ಲ. ಚಹಾ ಕುಡಿಸಿ, ಹೊಲದ ಕಾಗದಗಳಿದ್ದ ತಗಡಿನ ಪೆಟ್ಟಿಗೆಯನ್ನು ತಂದು ನನ್ನ ಮುಂದಿಟ್ಟ.

ಅದರಲ್ಲಿ ಮದುವೆಯ ಯಾದಿ ಇತ್ತು. ಮದುವೆಗೆ ಮುಂಚೆ ಎರಡೂ ಕಡೆಯವರು ಕೂಡಿ ಕುಳಿತು, ಯಾರು ಏನು ಕೊಡಬೇಕೆಂದು ಬರೆದು ಸಹಿ ಹಾಕುವ ಪಟ್ಟಿ ಅದು. ಅಕ್ಕಿಯಲ್ಲಿ ಹೊಸ ಹೆಸರು ಬೀಳುವ ಮೊದಲೇ ಬರೆದದ್ದಾದ್ದರಿಂದ ಅದರಲ್ಲಿ ತವರಿನ ಹೆಸರೇ ಇರಬೇಕು. ಆದರೆ ಬರಹ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿತ್ತು; ಅವನಿಗೂ ಬಾರದು, ನನಗೂ ಬಾರದು. ಫೋನಿನಲ್ಲಿ ಫೋಟೊ ತೆಗೆದುಕೊಂಡು, ಮಿರಜದಲ್ಲಿ ಮೋಡಿ ಬಲ್ಲ ಒಬ್ಬ ನಿವೃತ್ತ ಗುಮಾಸ್ತರ ಮನೆಗೆ ಹೋದೆ. ಅವರು ಮೇಲಿನ ಸಾಲಿನಲ್ಲೇ ಎರಡು ಸಲ ತಡವರಿಸಿ, ಮೂರನೆಯ ಸಲ ವಧುವಿನ ಹೆಸರನ್ನು ಗಟ್ಟಿಯಾಗಿ ಓದಿದರು. ನನಗೆ ಕಣ್ಣು ತುಂಬಿ ಬಂತು. ನೋಡದವರಿಗಾಗಿ ಅಳುವ ಸ್ವಭಾವ ನನ್ನದಲ್ಲ, ಆದರೂ ಅತ್ತೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಅವ್ವನದು. ನಾನು ಹೇಳಿದಾಗ ಅವಳು ಅದನ್ನು ಎರಡು ಮೂರು ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಸಮಾಧಾನವಾಯಿತೇ ಎಂದು ಕೇಳಿದೆ. ಆಯಿತು ಎಂದಳು.

"ನನ್ನ ಸಾಕಿದಾಕಿಗೂ ತವರಾಗ ಒಂದ ಹೆಸರ ಇದ್ದಿರಬೇಕಲಾ," ಎಂದಳು. "ಐವತ್ತ ವರ್ಷ ಸತ್ತಾಕಿ ಹೆಸರಿಗೆ ಓ ಅಂದಳು. ನಾ ಆಕಿ ಕೈಯಾಗ ಉಂಡ ಬೆಳದಾಕಿ, ಒಂದ ದಿನಾನೂ ಕೇಳಲಿಲ್ಲ."