ಎರಡೂ ಕೈಗೆ ಶಾಯಿ

ನಮ್ಮ ಕಾಕಾ ಪ್ರತಿ ಚುನಾವಣೆಯಲ್ಲೂ ಎರಡು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬರುತ್ತಿದ್ದ. ಎಡಗೈಯದು ಅವನ ಓಟಿನದು, ಬಲಗೈಯದು ನನ್ನ ಅವ್ವನ ಓಟಿನದು. ಕಣ್ಣು ಕಾಣದವರ ಜೊತೆ ಒಳಗೆ ಹೋಗಿ ಅವರ ಪರವಾಗಿ ಗುಂಡಿ ಒತ್ತುವವರಿಗೆ ಬಲಗೈಗೆ ಗುರುತು ಹಾಕುತ್ತಾರೆ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಪ್ಪ ತೀರಿಹೋದ ಮೇಲೆ ಈ ಕೆಲಸ ಅಪ್ಪನ ತಮ್ಮನಾದ ಇವನ ಪಾಲಿಗೆ ಬಂತು. ಓಟು ಮುಗಿಸಿ ಚಹಾದ ಹೋಟೆಲಿನಲ್ಲಿ ಕುಳಿತು, ಎರಡೂ ಕೈ ಮೇಜಿನ ಮೇಲಿಟ್ಟು, "ನೋಡ್ರಿ, ನಂದು ಡಬಲ್" ಎಂದು ನಗುತ್ತಿದ್ದ. ಊರಿನವರೂ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ, ಅವ್ವನ ಜೊತೆ ನಾನೇ ಹೋಗುತ್ತೇನೆ ಎಂದೆ. "ಹೆಣ್ಣುಮಕ್ಕಳಿಗಿ ಏನ್ ತಿಳೀತದ? ಸುಮ್ ಕೂಡು" ಎಂದ. ಬೀದರಿನ ಔಷಧದ ಅಂಗಡಿಯಲ್ಲಿ ದಿನವಿಡೀ ಡಾಕ್ಟರರ ಕೋಳಿಕಾಲು ಅಕ್ಷರ ಓದಿ ಮಾತ್ರೆ ಕೊಡುವ ನನಗೆ, ನಾಲ್ಕು ಚಿತ್ರ ನೋಡಿ ಒಂದು ಗುಂಡಿ ಒತ್ತಲು ಬರುವುದಿಲ್ಲವಂತೆ! ಅವ್ವನೂ ಅವನ ಕಡೆಗೇ. "ಇರ್ಲಿ ಬಿಡವ್ವಾ, ಮನಿ ಗಂಡಸು" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು.

ಕಳೆದ ಚುನಾವಣೆಗೆ ಮುಂಚಿನ ಚಳಿಗಾಲದಲ್ಲಿ ಅವ್ವನನ್ನು ಭಾಲ್ಕಿಗೆ ಕರೆದೊಯ್ದು ಕಣ್ಣಿನ ಆಪರೇಷನ್ ಮಾಡಿಸಿದೆ. ಪಟ್ಟಿ ಬಿಚ್ಚಿದ ಮೇಲೆ ಮೊದಲು ನನ್ನ ಮುಖ ನೋಡಿ, "ಎಷ್ಟ್ ಕರ್ರಗ ಆಗಿದ್ಯಲ್ಲೇ" ಎಂದಳು. ಬಸ್ಸಿನಲ್ಲಿ ಬರುವಾಗ ತೊಗರಿ ಹೊಲ, ಕುರಿ ಹಿಂಡು, ಕರೆಂಟಿನ ಕಂಬ, ಕಂಡದ್ದನ್ನೆಲ್ಲ ಹೇಳುತ್ತಾ ಬಂದಳು. ಆಸ್ಪತ್ರೆಯಲ್ಲಿ ಕೊಟ್ಟ ಕರಿ ಕನ್ನಡಕ ಅವಳಿಗೆ ಬಹಳ ಹಿಡಿಸಿಬಿಟ್ಟಿತ್ತು. ಡಾಕ್ಟರು ಇನ್ನು ಸಾಕು ಎಂದರೂ ತೆಗೆಯಲಿಲ್ಲ. ಬೇಸಿಗೆ ಬಂದರೂ ಹಾಕಿಕೊಂಡೇ ಇದ್ದಳು.

ಚುನಾವಣೆ ಹತ್ತಿರ ಬಂದಾಗ ಅವಳೇ ಫೋನ್ ಮಾಡಿದಳು. "ಈ ಸಲ ನಂದು ನಾನೇ ಒತ್ತತೇನಿ. ನೀ ಬಾ" ಎಂದಳು. ನನ್ನ ಓಟೂ ಊರಿನಲ್ಲೇ ಇದೆ. ಅಂದು ಬೀದರಿನಿಂದ ಮೊದಲ ಬಸ್ಸು ಹಿಡಿದೆ. ಜನವಾಡದಲ್ಲೇ ಬಸ್ಸು ತುಂಬಿಹೋಯಿತು. ಠಾಣಾ ಕುಶನೂರಿನಲ್ಲಿ ಇಳಿದು ಆಟೋದಲ್ಲಿ ನಮ್ಮ ಹಳ್ಳಿ ಮುಟ್ಟಿದೆ. ಅವ್ವ ಹೊಸ ಸೀರೆ ಉಟ್ಟು ಹೊಸ್ತಿಲಲ್ಲೇ ನಿಂತಿದ್ದಳು.

ಮತಗಟ್ಟೆ ಊರಿನ ಸಾಲೆಯಲ್ಲಿತ್ತು. ಹೆಂಗಸರ ಪಾಳಿಯಲ್ಲಿ ನಿಂತು ಒಳಗೆ ಹೋದೆವು. ಗಂಡಸರ ಪಾಳಿಯಿಂದ ಓಟು ಹಾಕಿ ಬಂದಿದ್ದ ಕಾಕಾ ನಮ್ಮ ಹಿಂದೆಯೇ ಒಳಗೆ ನುಗ್ಗಿ ಅವ್ವನ ರಟ್ಟೆ ಹಿಡಿದ.

"ನಮ್ಮ ವೈನಿಗಿ ಕಣ್ಣ ಕಾಣಲ್ರಿ ಸಾಹೇಬ್ರ. ಪ್ರತಿ ಸಲ ನಾನೇ ಒತ್ತತೇನಿ."

ಶುದ್ಧ ಸುಳ್ಳು! ಹಿಂದಿನ ದಿನವಷ್ಟೇ ಅವನ ಅಂಗಾಲಿನ ಜಾಲಿ ಮುಳ್ಳನ್ನು ಸೂಜಿಯಿಂದ ತೆಗೆದವಳು ಇದೇ ಅವ್ವ. ಅಲ್ಲಿದ್ದ ಏಜೆಂಟರೆಲ್ಲ "ಹೌದ್ರಿ, ಹೌದ್ರಿ" ಎಂದರು. ಬೇರೆ ಬೇರೆ ಪಕ್ಷದವರು, ಇದೊಂದರಲ್ಲಿ ಮಾತ್ರ ಎಲ್ಲರೂ ಒಂದೇ. ಅಧಿಕಾರಿ ಅವ್ವನ ಕರಿ ಕನ್ನಡಕ ನೋಡಿದರು, ಕಾಕಾನ ಸಹಿಗೆ ಕಾಗದ ಹುಡುಕತೊಡಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಆಪರೇಷನ್ ಆಗ್ಯಾದ್ರಿ! ಕಾಣತದೋ ಇಲ್ಲೋ ಆಕಿಗೇ ಕೇಳ್ರಿ, ಬಾಯಿ ಇಲ್ಲೇನು ಆಕಿಗಿ?" ಎಂದು ಒದರಿದೆ. "ಗದ್ದಲ ಮಾಡಬ್ಯಾಡ್ರಿ, ಹೊರಗ ಕಳಿಸಬೇಕಾಗ್ತದ" ಎಂದು ಅಧಿಕಾರಿ ನನ್ನನ್ನೇ ಗದರಿಸಿದರು. ಕಾಕಾನನ್ನು ಕೇಳಿದರು, ಏಜೆಂಟರನ್ನು ಕೇಳಿದರು. ಅವ್ವನನ್ನು ಮಾತ್ರ ಯಾರೂ ಕೇಳಲಿಲ್ಲ. ಅದು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಅವ್ವ ನಿಧಾನವಾಗಿ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟಳು. ಅಧಿಕಾರಿಯ ಮುಖವನ್ನೇ ದಿಟ್ಟಿಸಿ ನೋಡಿದಳು.

"ಸಾಹೇಬ್ರ, ನಿಮ್ಮ ಮೀಸ್ಯಾಗ ಅವಲಕ್ಕಿ ಸಿಕ್ಕೊಂಡದ. ಒರಸ್ಕೋರಿ."

ಪಾಳಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಧಿಕಾರಿ ಮೀಸೆ ಒರೆಸಿಕೊಂಡರು, ಕಾಗದ ಬದಿಗಿಟ್ಟರು, ಕಾಕಾನಿಗೆ ಹೊರಗೆ ಹೋಗಲು ಹೇಳಿದರು. ಅವ್ವ ಒಬ್ಬಳೇ ರಟ್ಟಿನ ಮರೆಗೆ ಹೋದಳು. ಬಹಳ ಹೊತ್ತು ನಿಂತಳು. ಪ್ರತಿ ಚಿತ್ರವನ್ನೂ ನೋಡುತ್ತಿದ್ದಳೇನೋ. ಕಡೆಗೆ ಯಂತ್ರ ಉದ್ದಕ್ಕೆ ಕೂಗಿತು. ನನ್ನ ಕಣ್ಣು ತುಂಬಿ ಬಂತು, ಆದರೂ ಸಿಟ್ಟು ಇಳಿಯಲಿಲ್ಲ.

ಅಂದು ಕಾಕಾ ಹೋಟೆಲಿನ ಕಡೆ ಸುಳಿಯಲಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತು, ಶಾಯಿ ಹತ್ತದ ಬಲಗೈ ಬೆರಳನ್ನು ತಿಕ್ಕುತ್ತಿದ್ದ. ಅವ್ವ ಚಹಾ ತಂದುಕೊಟ್ಟಳು. ಅವನಿಗೆ ತಡೆಯಲಾಗಲಿಲ್ಲ.

"ಯಾರಿಗಿ ಒತ್ತಿದ್ರಿ, ವೈನಿ?"

ಅವ್ವ ಸೆರಗು ಸರಿಮಾಡಿಕೊಂಡಳು.

"ಇಷ್ಟ್ ವರ್ಷ ನನ್ನ ಓಟ್ ನೀ ಒತ್ತಿದಿ. ಒಂದ್ ಸಲಾನಾದ್ರೂ ನನಗ ಹೇಳಿದ್ದೇನು, ತಮ್ಮಾ?"